ಒಂದೇ ಹಾಳೆಗೆ ಎರಡು ಕಿಟಕಿ: ಕ್ಯಾಶ್ ಕೊಹೆರೆನ್ಸ್ ಓಡಾಟ ತಗ್ಗಿಸುವ ಬಗೆ

ಎರಡು ಸಾಕೆಟ್‌ನ ಸರ್ವರ್, ಅಂದರೆ ಎರಡು ಪ್ರೊಸೆಸರ್ ಚಿಪ್, ಒಂದೊಂದರಲ್ಲೂ 16 ಕೋರ್. 8 ಥ್ರೆಡ್ ಬಿಟ್ಟಾಗ ಚೆನ್ನಾಗಿಯೇ ಓಡುತ್ತಿದ್ದ ಪ್ರೋಗ್ರಾಂ, 32 ಥ್ರೆಡ್ ಬಿಟ್ಟ ದಿನ 8ಕ್ಕಿಂತಲೂ ನಿಧಾನವಾಯಿತು. ಕೋರಿಕೆ ಸಾಗುವ ದಾರಿಯಲ್ಲಿ ಲಾಕ್ ಒಂದೂ ಇರಲಿಲ್ಲ, ಡಿಸ್ಕ್ ಮುಟ್ಟುತ್ತಿರಲಿಲ್ಲ. ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿವೆ ಎಂದು ಟಾಪ್ ಕಮಾಂಡ್ ತೋರಿಸುತ್ತಿತ್ತು. ಇನ್ನೂ ದೊಡ್ಡ ಮಷೀನ್ ತರಿಸೋಣವೇ ಎಂಬ ಮಾತೂ ಆಫೀಸಿನಲ್ಲಿ ಬಂತು.

ಆ ವಾರದ ಕೊನೆಗೆ ಊರಿಗೆ ಹೋಗಿದ್ದೆ. ಅಪ್ಪ ಊರಿನ ಹಾಲಿನ ಡೇರಿಯಲ್ಲಿ ಬಹಳ ವರ್ಷ ಸೆಕ್ರೆಟರಿಯಾಗಿದ್ದವರು. ಜಗಲಿಯ ಮೇಲೆ ಕೂತು ಇದನ್ನು ಹೇಳಿಕೊಂಡಾಗ ಅವರು ನಕ್ಕರು. ಬೆಳಗಿನ ಹಾಲಿಗೆ ಲೈನ್ ಉದ್ದವಾಗುತ್ತದೆಂದು ಒಂದು ಸಲ ಎರಡನೇ ಕಿಟಕಿ ತೆಗೆದಿದ್ದರಂತೆ. ರಿಜಿಸ್ಟರ್ ಮಾತ್ರ ಒಂದೇ, ಒಂದು ಹಾಳೆಗೆ ಹದಿನಾರು ಸದಸ್ಯರ ಹೆಸರು. ಈ ಕಿಟಕಿಯಲ್ಲಿ ಮೂರನೇ ನಂಬರಿನವರ ಲೀಟರ್ ಬರೆಯುವಾಗ ಆ ಕಿಟಕಿಗೆ ಒಂಬತ್ತನೇ ನಂಬರು ಬೇಕು. ಇಬ್ಬರದೂ ಬೇರೆ ಬೇರೆ ಸಾಲು, ಆದರೆ ಹಾಳೆ ಒಂದೇ. ಹುಡುಗನೊಬ್ಬ ಪುಸ್ತಕ ಹಿಡಿದು ಅತ್ತಿಂದಿತ್ತ ಓಡಿದ್ದೇ ಓಡಿದ್ದು. ‘ಎರಡನೇ ಕಿಟಕಿ ತೆಗೆದ ಮೇಲೆ ಲೈನ್ ಇನ್ನೂ ಉದ್ದ ಆಯ್ತು ಕಣಮ್ಮ’ ಅಂದರು.

ಸೋಮವಾರ ಬಂದು ಕೋಡ್ ತೆಗೆದು ನೋಡಿದೆ. 32 ಥ್ರೆಡ್‌ಗಳಿಗೆ 32 ಕೌಂಟರ್, ಒಂದೊಂದು 8 ಬೈಟ್, ಎಲ್ಲವೂ ಒಂದೇ ಅರೇಯಲ್ಲಿ ಸಾಲಾಗಿ. ಕ್ಯಾಶ್ ಅಂದರೆ ಪ್ರೊಸೆಸರ್ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುವ ಸಣ್ಣ, ವೇಗದ ಮೆಮರಿ. ಅದರೊಳಕ್ಕೆ ಡೇಟಾ ಬಂದುಹೋಗುವುದು ಕ್ಯಾಶ್ ಲೈನ್ ಎಂಬ ತುಂಡುಗಳಲ್ಲಿ, ಒಂದೊಂದು 64 ಬೈಟ್. ಅಂದರೆ ಒಂದು ಹಾಳೆಯಲ್ಲಿ ಎಂಟು ಜನ.

ಮುಂದೆ ಬರೆದಿರುವುದು ಆ ಪ್ರೋಗ್ರಾಂ ಸರಿಮಾಡುವಾಗಲೂ ಆಮೇಲೆ ಬೇರೆ ಕೆಲಸಗಳಲ್ಲೂ ನಾನು ಅನುಸರಿಸಿದ ದಾರಿ. ಸಿ, ಸಿ++ ಅಥವಾ ಜಾವಾದಲ್ಲಿ ಥ್ರೆಡ್ ಬರೆದು ಅಭ್ಯಾಸವಿದ್ದವರಿಗೆ ಇದು.

ಓಡಾಟ ಎಲ್ಲಿಂದ ಹುಟ್ಟುತ್ತದೆ

ಎರಡು ಸಾಕೆಟ್‌ನ ಮಷೀನ್ ಅಂದರೆ ಎರಡು ಕಂಪ್ಯೂಟರ್‌ಗಳನ್ನು ಪಕ್ಕದಲ್ಲಿಟ್ಟು ಮೆಮರಿಯನ್ನು ಒಂದೇ ಎಂದು ತೋರಿಸುವ ಏರ್ಪಾಡು. ಪ್ರತಿ ಸಾಕೆಟ್‌ಗೂ ತನ್ನ ಮೆಮರಿ ಇದೆ, ಇನ್ನೊಂದರದ್ದು ಬೇಕಾದರೆ ನಡುವಿನ ಲಿಂಕ್ ದಾಟಬೇಕು. ಸಾಕೆಟ್ ಮತ್ತು ಅದರ ಮೆಮರಿ ಸೇರಿ ಒಂದು ನೋಡ್, ಇಂಥ ಏರ್ಪಾಡಿಗೆ ನ್ಯೂಮಾ ಎಂದು ಹೆಸರು. ಸ್ಟ್ಯಾನ್‌ಫರ್ಡ್‌ನ ಡ್ಯಾಶ್ ಮಷೀನ್ 1990ರ ದಶಕದ ಆರಂಭದಲ್ಲಿ ನಾಲ್ಕು ನಾಲ್ಕು ಪ್ರೊಸೆಸರ್‌ಗಳ ಕ್ಲಸ್ಟರ್‌ಗಳನ್ನು ಜೋಡಿಸಿ ಮಾಡಿದ್ದು ಇದನ್ನೇ. 1996ರ ಎಸ್‌ಜಿಐ ಒರಿಜಿನ್ 2000 ಅದೇ ವಂಶದ್ದು. ಇವತ್ತು ಡೇಟಾ ಸೆಂಟರಿನಲ್ಲಿ ನಾವು ಬಾಡಿಗೆಗೆ ಹಿಡಿಯುವ ಸರ್ವರೂ ಅವುಗಳ ಮರಿಮಗುವೇ.

ಎಲ್ಲರ ಕ್ಯಾಶ್‌ನಲ್ಲಿರುವ ಪ್ರತಿಗಳು ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವುದೇ ಕ್ಯಾಶ್ ಕೊಹೆರೆನ್ಸ್. ಒಂದು ಲೈನ್‌ನ ಪ್ರತಿ ಯಾರ ಯಾರ ಕ್ಯಾಶ್‌ನಲ್ಲಿ ಇದೆ ಎಂದು ಬರೆದಿಡುವ ಡೈರೆಕ್ಟರಿಯ ಉಪಾಯವನ್ನು ಸೆನ್ಸಿಯೇ ಮತ್ತು ಫೋತ್ರಿಯೇ 1978ರಲ್ಲೇ ಪ್ರಕಟಿಸಿದ್ದರು. ಓದುವುದಕ್ಕೆ ಎಷ್ಟು ಜನ ಬೇಕಾದರೂ ಒಂದೊಂದು ಪ್ರತಿ ಇಟ್ಟುಕೊಳ್ಳಬಹುದು, ಯಾರಿಗೂ ಯಾರ ಕಾಟವಿಲ್ಲ. ಬರೆಯಬೇಕೆಂದರೆ ಮಾತ್ರ ಲೈನ್ ಒಬ್ಬರ ಕೈಲೇ ಇರಬೇಕು. ಆಗ ಉಳಿದವರ ಪ್ರತಿಗಳನ್ನೆಲ್ಲ ರದ್ದು ಮಾಡುವ ಸಂದೇಶ ಹೋಗಬೇಕು, ಅವರಿಂದ ‘ಆಯಿತು’ ಎಂಬ ಉತ್ತರ ಬರಬೇಕು. ಒಬ್ಬರು ಬರೆದಿಟ್ಟುಕೊಂಡ ಲೈನನ್ನು ಇನ್ನೊಂದು ನೋಡ್‌ನವರು ಓದಹೊರಟರೆ, ಕೋರಿಕೆ ಮೊದಲು ಆ ಲೈನಿನ ಮನೆ ನೋಡ್‌ಗೆ (ಅದರ ಮೆಮರಿ ಇರುವ ನೋಡ್‌ಗೆ) ಹೋಗಿ, ಅಲ್ಲಿಂದ ಈಗಿನ ಒಡೆಯನ ಬಳಿಗೆ ಹೋಗಿ, ಅಲ್ಲಿಂದ ಕೇಳಿದವರ ಹತ್ತಿರ ಬರಬೇಕು.

ಖರ್ಚು ಎಷ್ಟು? ಕೋರ್‌ಗೆ ತೀರಾ ಹತ್ತಿರದ ಎಲ್1 ಕ್ಯಾಶ್‌ನಲ್ಲೇ ಸಿಕ್ಕರೆ ನಾಲ್ಕೈದು ಸೈಕಲ್. ಆಚೆ ಸಾಕೆಟ್‌ನಲ್ಲಿ ಬರೆದಿಟ್ಟ ಲೈನ್ ತರಿಸಲು ಸಾಮಾನ್ಯವಾಗಿ 100 ನ್ಯಾನೋಸೆಕೆಂಡ್ ಮೀರುತ್ತದೆ. 3 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 300 ಸೈಕಲ್. ಅಷ್ಟು ಹೊತ್ತು ಕೋರ್ ಕಾಯುತ್ತಾ ನಿಂತಿದ್ದರೂ ಟಾಪ್ ಅದನ್ನು ದುಡಿಮೆಯೆಂದೇ ಲೆಕ್ಕ ಹಿಡಿಯುತ್ತದೆ. ನೂರಕ್ಕೆ ನೂರು ಎಂದು ತೋರಿಸುತ್ತಿದ್ದದ್ದು ಇದನ್ನೇ.

ಹಾಗಾಗಿ ಕೋಡ್ ಓದುವಾಗ ಈ ಡೇಟಾ ಎಷ್ಟು ಜನಕ್ಕೆ ಹಂಚಿದೆ ಎಂದು ನಾನೀಗ ಕೇಳಿಕೊಳ್ಳುವುದಿಲ್ಲ. ಈ 64 ಬೈಟ್‌ಗೆ ಬರೆಯುವವರು ಯಾರು, ಅದೇ 64 ಬೈಟ್ ಇನ್ನು ಯಾರಿಗೆ ಬೇಕು ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಅಳೆಯಿರಿ

ಎಲ್ಲಕ್ಕೂ ಸುಲಭದ ಪರೀಕ್ಷೆಗೆ ಎರಡು ನಿಮಿಷ ಸಾಕು. ನ್ಯೂಮಾಸಿಟಿಎಲ್ ಕಮಾಂಡ್ ಬಳಸಿ ಇಡೀ ಪ್ರೋಗ್ರಾಂ ಮತ್ತು ಅದರ ಮೆಮರಿಯನ್ನು ನೋಡ್ 0ಕ್ಕೇ ಕಟ್ಟಿಹಾಕಿ ಓಡಿಸಿ. ಅರ್ಧ ಕೋರ್‌ಗಳನ್ನು ಕಿತ್ತುಕೊಂಡರೂ ಪ್ರೋಗ್ರಾಂ ವೇಗವಾದರೆ ತೊಂದರೆ ಲಿಂಕ್ ದಾಟುವುದರಲ್ಲೇ ಇದೆ. ನನ್ನದು ಹಾಗೇ ಆಯಿತು.

ಆಮೇಲೆ ಪರ್ಫ್ ಸಿ2ಸಿ, ಲಿನಕ್ಸ್‌ನ ಪರ್ಫ್ ಎಂಬ ಅಳೆಯುವ ಟೂಲ್‌ನ ಒಂದು ಭಾಗ. 2017ರ ಲಿನಕ್ಸ್ 4.10ರಿಂದ ಪರ್ಫ್ ಜೊತೆಗೇ ಬರುತ್ತದೆ. ಪ್ರೋಗ್ರಾಂ ಓಡುವಾಗ ಕೆಲವು ಸೆಕೆಂಡ್ ರೆಕಾರ್ಡ್ ಮಾಡಿ, ರಿಪೋರ್ಟ್ ತೆಗೆದರೆ ಯಾವ ಕ್ಯಾಶ್ ಲೈನ್ ಹೆಚ್ಚು ಓಡಾಡುತ್ತಿದೆ ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ‘ಹಿಟ್‌ಎಂ’ ಎಂಬ ಕಾಲಂ ನೋಡಿ: ಬೇರೆಯವರ ಕ್ಯಾಶ್‌ನಲ್ಲಿ ಬದಲಾದ ಸ್ಥಿತಿಯಲ್ಲಿದ್ದ ಲೈನ್ ಎಷ್ಟು ಸಲ ಸಿಕ್ಕಿತು ಎಂಬ ಲೆಕ್ಕ ಅದು. ಲೋಕಲ್ ಹಿಟ್‌ಎಂ ಅದೇ ಸಾಕೆಟ್ ಒಳಗಿನದು, ರಿಮೋಟ್ ಹಿಟ್‌ಎಂ ಲಿಂಕ್ ದಾಟಿದ್ದು. ರಿಮೋಟ್ ಜಾಸ್ತಿ ಇರುವ ಲೈನಿನಿಂದಲೇ ಶುರು ಮಾಡಿ. ಲೈನಿನ ಒಳಗೆ ಎಷ್ಟನೇ ಬೈಟ್‌ಗೆ ಯಾವ ಫಂಕ್ಷನ್ ಕೈಹಾಕಿತು ಎನ್ನುವುದನ್ನೂ ಅದು ತೋರಿಸುತ್ತದೆ. ಬೇರೆ ಬೇರೆ ಥ್ರೆಡ್‌ಗಳು ಬೇರೆ ಬೇರೆ ಬೈಟ್‌ಗೆ ಬರುತ್ತಿದ್ದರೆ ಅದು ಡೇರಿಯ ಹಾಳೆಯ ಕತೆ, ಫಾಲ್ಸ್ ಶೇರಿಂಗ್. ಎಲ್ಲರೂ ಒಂದೇ ಬೈಟ್‌ಗೆ ಬರುತ್ತಿದ್ದರೆ ಅದು ನಿಜವಾದ ಹಂಚಿಕೆ, ಮದ್ದು ಬೇರೆ.

ಕ್ಲೌಡ್‌ನ ವರ್ಚುವಲ್ ಮಷೀನ್‌ನಲ್ಲಿ ಪರ್ಫ್ ಸಿ2ಸಿಗೆ ಬೇಕಾದ ಹಾರ್ಡ್‌ವೇರ್ ಸ್ಯಾಂಪ್ಲಿಂಗ್ ಎಷ್ಟೋ ಸಲ ಸಿಗುವುದಿಲ್ಲ. ಇದಕ್ಕಾಗಿಯೇ ಒಂದು ದಿನ ಬರಿ ಲೋಹದ (ವರ್ಚುವಲ್ ಅಲ್ಲದ, ಇಡಿಯಾಗಿ ನಮಗೇ ಸಿಗುವ) ಮಷೀನ್ ಕೇಳಿ ಪಡೆದರೆ ನಷ್ಟವಿಲ್ಲ. ಅದೂ ಆಗದಿದ್ದರೆ ಪಾಹೋಲ್ ಎಂಬ ಸಣ್ಣ ಟೂಲ್ ಇದೆ. ನಿಮ್ಮ ಸ್ಟ್ರಕ್ಟ್‌ನ ಯಾವ ಫೀಲ್ಡ್ ಯಾವ ಕ್ಯಾಶ್ ಲೈನ್‌ನಲ್ಲಿ ಬೀಳುತ್ತದೆ ಎಂದು ಗೆರೆ ಹಾಕಿ ತೋರಿಸುತ್ತದೆ. ಅರ್ಧ ಕಳ್ಳರು ಅಲ್ಲೇ ಸಿಕ್ಕಿಬೀಳುತ್ತಾರೆ.

ಹಾಳೆ ಬೇರೆ ಮಾಡುವುದು

ಅಪ್ಪ ಕೊನೆಗೆ ಮಾಡಿದ್ದು ಇಷ್ಟೆ. ಕಿಟಕಿಗೊಂದು ನೋಟ್‌ಬುಕ್ ಕೊಟ್ಟು, ಕ್ಯಾನ್ ಸಾಗಿಸುವ ಲಾರಿ ಹೋದ ಮೇಲೆ ಎರಡನ್ನೂ ಕೂಡಿ ದೊಡ್ಡ ರಿಜಿಸ್ಟರಿಗೆ ಏರಿಸುವುದು. ಕೌಂಟರ್‌ಗಳಿಗೂ ಅದೇ. ಪ್ರತಿ ಥ್ರೆಡ್‌ನ ಕೌಂಟರನ್ನು ಅದರದೇ ಲೈನಿಗೆ ಕೂರಿಸಬೇಕು. ಸಿ++ನಲ್ಲಿ ಸ್ಟ್ರಕ್ಟ್‌ಗೆ ಅಲೈನ್‌ಆಸ್ 64 ಎಂದು ಹಾಕಿದರೆ ಅಳತೆಯೂ ಜಾಗವೂ ಎರಡೂ ಸರಿಯಾಗುತ್ತವೆ. ಜಾವಾದವರಿಗೆ ಜಾವಾ 8ರಿಂದ ಲಾಂಗ್‌ಆಡರ್ ಇದೆ, ಒಳಗೇ ಹೀಗೆ ಹಂಚಿ ಎಣಿಸುತ್ತದೆ, ಅದನ್ನೇ ಬಳಸಿ. ಕಂಟೆಂಡೆಡ್ ಎಂಬ ಅನೊಟೇಶನ್ ಕೂಡ ಇದೆ. ಆದರೆ ರಿಸ್ಟ್ರಿಕ್ಟ್‌ಕಂಟೆಂಡೆಡ್ ಎಂಬ ಜೆವಿಎಂ ಆಯ್ಕೆಯನ್ನು ಆಫ್ ಮಾಡದಿದ್ದರೆ ನಿಮ್ಮ ಕ್ಲಾಸ್‌ಗಳ ಮೇಲೆ ಅದು ನಡೆಯುವುದಿಲ್ಲ, ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತದೆ.

ಇಲ್ಲಿ ನಾನು ಎಡವಿದ್ದು ಮೂರು ಕಡೆ. ಮೊದಲನೆಯದು: 56 ಬೈಟ್ ಪ್ಯಾಡಿಂಗ್ ಸೇರಿಸಿ ಒಟ್ಟು 64 ಮಾಡಿದ್ದೆ, ಅರೇಯ ಆರಂಭದ ವಿಳಾಸ ಮಾತ್ರ 64ರ ಗುಣಕವಾಗಿರಲಿಲ್ಲ. ಅಲ್ಲಿ ಪ್ರತಿ ಅಂಶವೂ ಎರಡು ಲೈನಿನ ಮೇಲೆ ಕಾಲು ಚಾಚಿತ್ತು. 8 ಬೈಟ್‌ನ ಕೌಂಟರ್ ಅದೃಷ್ಟವಶಾತ್ ಒಂದರಲ್ಲೇ ಇತ್ತು. ಆಮೇಲೆ ಯಾರೋ ಆ ಸ್ಟ್ರಕ್ಟ್‌ನ ಕೊನೆಗೆ ಇನ್ನೊಂದು ಫೀಲ್ಡ್ ಸೇರಿಸಿದಾಗ ಪಕ್ಕದವನ ಲೈನಿಗೆ ಹೋಗಿ ಕೂತಿತು. ಎರಡನೆಯದು: ಸಿ++17ಕ್ಕಿಂತ ಹಿಂದಿನ ಕಂಪೈಲರ್ ಸೆಟ್ಟಿಂಗ್‌ನಲ್ಲಿ ವೆಕ್ಟರ್ ಒಳಗೆ ಹಾಕಿದರೆ ಅಲೈನ್‌ಆಸ್‌ನ ಮಾತು ಖಾತ್ರಿಯಿಲ್ಲ. ವಿಳಾಸ ಪ್ರಿಂಟ್ ಮಾಡಿಯೇ ನೋಡಬೇಕು. ಮೂರನೆಯದು: ಇಂಟೆಲ್ ಪ್ರೊಸೆಸರ್‌ಗಳಲ್ಲಿ ಜೋಡಿ ಲೈನನ್ನೂ ತಾನಾಗಿ ಎಳೆದು ತರುವ ಪ್ರೀಫೆಚರ್ ಇದೆ, ಹಾಗಾಗಿ ತೀರಾ ಬಿಸಿಯಾದ ಕೌಂಟರ್‌ಗೆ 128 ಬೈಟ್ ಬಿಡುವುದು ಒಳ್ಳೆಯದು. ಐಬಿಎಂ ಪವರ್‌ನಲ್ಲೂ ಆಪಲ್ ಎಂ1ನಲ್ಲೂ ಲೈನ್ ಅಳತೆಯೇ 128.

ಹಾಗೆಂದು ಕಂಡಕಂಡದ್ದಕ್ಕೆಲ್ಲ ಪ್ಯಾಡಿಂಗ್ ಹಾಕಬೇಡಿ. ಲಕ್ಷ ಆಬ್ಜೆಕ್ಟ್‌ಗಳಿರುವ ಕಡೆ 8 ಬೈಟನ್ನು 128 ಮಾಡಿದರೆ ಕ್ಯಾಶ್ ತುಂಬಾ ಖಾಲಿ ಜಾಗವೇ ತುಂಬುತ್ತದೆ. ಪರ್ಫ್ ಸಿ2ಸಿ ಪಟ್ಟಿಯ ಮೇಲಿನ ನಾಲ್ಕೈದು ಲೈನ್‌ಗಳಿಗಷ್ಟೇ ನಾನು ಹಾಕುವುದು.

ಕೌಂಟರ್ ಬೇರ್ಪಡಿಸಿದ ಮೇಲೆ ವೇಗ ಬಂತು, ಪೂರ್ತಿ ಬರಲಿಲ್ಲ. ರಿಪೋರ್ಟಿನ ಎರಡನೇ ಲೈನ್ ನೋಡಿದರೆ ‘ನಿಲ್ಲಿಸು’ ಎಂಬ ಒಂದು ಬೈಟ್‌ನ ಫ್ಲ್ಯಾಗ್. ಪ್ರೋಗ್ರಾಂ ಮುಗಿಯುವಾಗ ಒಂದೇ ಸಲ ಬರೆಯುವಂಥದ್ದು, ಎಲ್ಲ ಥ್ರೆಡ್‌ಗಳೂ ಸುತ್ತಿಗೊಮ್ಮೆ ಓದುತ್ತವೆ. ಪಾಪ, ಅದು ಏನೂ ಮಾಡಿರಲಿಲ್ಲ. ಅದರ ಪಕ್ಕದ ಫೀಲ್ಡ್ ‘ಕೊನೆಯ ಚಟುವಟಿಕೆಯ ಸಮಯ’ ಆಗಿತ್ತು, ಪ್ರತಿ ಥ್ರೆಡ್ ಪ್ರತಿ ಕೋರಿಕೆಗೂ ಅದಕ್ಕೆ ಬರೆಯುತ್ತಿತ್ತು. ಸ್ಟ್ರಕ್ಟ್ ಬರೆಯುವಾಗ ನಾವು ಅರ್ಥಕ್ಕೆ ತಕ್ಕಂತೆ ಫೀಲ್ಡ್ ಜೋಡಿಸುತ್ತೇವೆ. ಓದಿಗೆ ಮಾತ್ರ ಇರುವವನ್ನು ಒಂದು ಲೈನಿಗೆ, ಬರೆಯುವವನ್ನು ಇನ್ನೊಂದಕ್ಕೆ ಎಂದು ಜೋಡಿಸಿದರೆ ಈ ರೋಗ ಹುಟ್ಟುವುದೇ ಇಲ್ಲ.

ಬರೆಯುವುದನ್ನೇ ಕಡಿಮೆ ಮಾಡುವುದು

ಆ ‘ಕೊನೆಯ ಸಮಯ’ ಫೀಲ್ಡನ್ನು ಬೇರೆ ಲೈನಿಗೆ ಸಾಗಿಸಿದರೂ 32 ಥ್ರೆಡ್‌ಗಳು ಅದೊಂದಕ್ಕೇ ಬರೆಯುತ್ತಿದ್ದವು. ಇದು ನಿಜವಾದ ಹಂಚಿಕೆ, ಪ್ಯಾಡಿಂಗ್‌ಗೆ ಬಗ್ಗುವುದಿಲ್ಲ. ಸಮಯದ ಅಳತೆ ಸೆಕೆಂಡ್‌ನಲ್ಲಿತ್ತು. ಅಂದರೆ ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಸಲ ಅದೇ ಸಂಖ್ಯೆಯನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೆವು. ಅದೇ ಬೆಲೆಯನ್ನು ಬರೆದರೂ ಹಾರ್ಡ್‌ವೇರ್ ಲೈನಿನ ಒಡೆತನ ಕೇಳಿಯೇ ಕೇಳುತ್ತದೆ, ಉಳಿದವರ ಪ್ರತಿಗಳನ್ನು ರದ್ದು ಮಾಡಿಸಿಯೇ ಮಾಡಿಸುತ್ತದೆ. ಬರೆಯುವ ಮುಂಚೆ ಓದಿ, ಬೇರೆಯಾಗಿದ್ದರೆ ಮಾತ್ರ ಬರೆ ಎಂಬ ಒಂದು ಸಾಲಿನ ಇಫ್ ಹಾಕಿದೆ. ಆ ಇಡೀ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಆ ಒಂದು ಸಾಲು.

ಒಟ್ಟು ಲೆಕ್ಕ ಬೇಕೇ ಬೇಕು ಎನ್ನುವಲ್ಲಿ ಗಂಟು ಕಟ್ಟಿ ಕಳಿಸಿ. ಥ್ರೆಡ್ ತನ್ನೊಳಗೆ 1000 ಎಣಿಸಿಕೊಂಡು ಒಂದು ಸಲ ಜಾಗತಿಕ ಕೌಂಟರ್‌ಗೆ ಕೂಡಿಸಿದರೆ ಓಡಾಟ ಸಾವಿರಕ್ಕೊಂದು. ಲಿನಕ್ಸ್ ಕರ್ನಲ್‌ನ ಪರ್‌ಸಿಪಿಯು ಕೌಂಟರ್ ಮಾಡುವುದೂ ಇದೇ. ಅದರ ಗಂಟಿನ ಅಳತೆ 32 ಅಥವಾ ಸಿಪಿಯುಗಳ ಸಂಖ್ಯೆಯ ಎರಡರಷ್ಟು, ಯಾವುದು ದೊಡ್ಡದೋ ಅದು. ಬದಲಿಗೆ ಒಟ್ಟು ಸಂಖ್ಯೆ ಆ ಕ್ಷಣಕ್ಕೆ ಸ್ವಲ್ಪ ಹಿಂದೆ ಇರುತ್ತದೆ. ಬ್ಯಾಂಕಿನ ಬಾಕಿಗೆ ಇದು ಒಗ್ಗುವುದಿಲ್ಲ, ಎಷ್ಟು ಕೋರಿಕೆ ಬಂತು ಎಂಬುದಕ್ಕೆ ಧಾರಾಳ ಸಾಕು.

ಇನ್ನೊಂದು ಎಚ್ಚರ. ಬೇರ್ಪಡಿಸಿದ ಕೌಂಟರ್‌ಗಳನ್ನೆಲ್ಲ ಮಾನಿಟರಿಂಗ್ ಥ್ರೆಡ್ ಒಂದು ಮಿಲಿಸೆಕೆಂಡ್‌ಗೊಮ್ಮೆ ಓದಿ ಕೂಡಿಸುತ್ತಿದ್ದರೆ, ಪ್ರತಿ ಓದೂ ಆ ಲೈನನ್ನು ಒಡೆಯನ ಕೈಯಿಂದ ಹಂಚಿಕೆಗೆ ತರುತ್ತದೆ. ಒಡೆಯ ಮತ್ತೆ ಬರೆಯಲು ಮತ್ತೆ ಅನುಮತಿ ಕೇಳಬೇಕು. ಸೆಕೆಂಡಿಗೊಮ್ಮೆ ಓದಿದರೆ ಯಾರ ಗಂಟೂ ಹೋಗುವುದಿಲ್ಲ.

ಓದುತ್ತೇವೆ ಅಂದುಕೊಂಡು ಬರೆಯುವವರು

ಇದು ಅನುಭವಸ್ಥರನ್ನೂ ಬೀಳಿಸುವ ಗುಂಡಿ. ನಮ್ಮ ಡೇಟಾ ಓದಿಗೆ ಮಾತ್ರ, ಆದ್ದರಿಂದ ರೀಡರ್-ರೈಟರ್ ಲಾಕ್ ಹಾಕಿದ್ದೇವೆ ಎನ್ನುತ್ತಾರೆ. ಸಾಮಾನ್ಯ ರೀಡರ್-ರೈಟರ್ ಲಾಕ್‌ನಲ್ಲಿ ಓದುವವರೂ ಒಳಗೆ ಹೋಗುವಾಗ ಒಂದು ಕೂಡಿಸುತ್ತಾರೆ, ಹೊರಗೆ ಬರುವಾಗ ಒಂದು ಕಳೆಯುತ್ತಾರೆ. ಲಾಕ್ ಇರುವ ಲೈನಿಗೆ ಎಲ್ಲರೂ ಬರೆಯುವವರೇ. ಸಿ++ನ ಶೇರ್ಡ್ ಪಾಯಿಂಟರ್ ಪ್ರತಿ ಮಾಡಿದರೂ ಅಷ್ಟೆ, ಒಳಗಿನ ರೆಫರೆನ್ಸ್ ಕೌಂಟ್ ಅಟಾಮಿಕ್ ಆಗಿ ಏರುತ್ತದೆ. ಫಂಕ್ಷನ್‌ಗೆ ಕಳಿಸುವಾಗ ರೆಫರೆನ್ಸ್ ಆಗಿ ಕಳಿಸಿದರೆ ಅರ್ಧ ಕಾಟ ತಪ್ಪುತ್ತದೆ.

ಅಪರೂಪಕ್ಕೆ ಬದಲಾಗುವ ಟೇಬಲ್‌ಗೆ ಸರಿಯಾದ ದಾರಿ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್). ಬದಲಿಸುವವರು ಹೊಸ ಪ್ರತಿ ಮಾಡಿ ಪಾಯಿಂಟರ್ ಮಾತ್ರ ತಿರುಗಿಸುತ್ತಾರೆ. ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸಿದ ಮೇಲೆ ಅದನ್ನು ಬಿಸಾಡುತ್ತಾರೆ. ಓದುವವರು ಹಂಚಿದ ಯಾವ ಲೈನಿಗೂ ಬರೆಯುವುದಿಲ್ಲ. ಪಾಲ್ ಮೆಕೆನ್ನಿ, ದೀಪಂಕರ್ ಸರ್ಮಾ ಮೊದಲಾದವರ ದುಡಿಮೆಯಿಂದ 2002ರಲ್ಲಿ ಇದು ಲಿನಕ್ಸ್ ಕರ್ನಲ್‌ಗೆ ಬಂತು. ನಿಮ್ಮ ಪ್ರೋಗ್ರಾಂಗೆ ಬೇಕಾದರೆ ಯೂಸರ್‌ಸ್ಪೇಸ್ ಆರ್‌ಸಿಯು ಲೈಬ್ರರಿ ಇದೆ. ನೀವೇ ಬರೆಯಲು ಹೋಗಬೇಡಿ. ನಾನು ಹೋಗಿದ್ದೆ, ಒಂದು ತಿಂಗಳು ಹಾಳಾಯಿತು.

ಲಾಕ್ ಅನಿವಾರ್ಯವಾದರೆ ಅದರ ಜಾತಿ ನೋಡಿ. ಸ್ಪಿನ್‌ಲಾಕ್ ಅಂದರೆ ಲಾಕ್ ಸಿಗುವವರೆಗೂ ಮಲಗದೆ ಮತ್ತೆ ಮತ್ತೆ ನೋಡುತ್ತಾ ಕಾಯುವ ಬಗೆ. ಸಾದಾ ಸ್ಪಿನ್‌ಲಾಕ್‌ನಲ್ಲಿ ಕಾಯುವವರೆಲ್ಲ ಒಂದೇ ಲೈನಿನ ಮೇಲೆ ಕಣ್ಣಿಟ್ಟಿರುತ್ತಾರೆ. ಬಿಟ್ಟ ಕೂಡಲೇ ಅಷ್ಟೂ ಜನ ಒಟ್ಟಿಗೆ ನುಗ್ಗುತ್ತಾರೆ, ಮೆಜೆಸ್ಟಿಕ್‌ನಲ್ಲಿ ಕೊನೇ ಬಸ್ಸು ಬಂದ ಹಾಗೆ. ಮೆಲ್ಲರ್-ಕ್ರಮ್ಮಿ ಮತ್ತು ಸ್ಕಾಟ್ 1991ರಲ್ಲಿ ಕೊಟ್ಟ ಎಂಸಿಎಸ್ ಲಾಕ್‌ನಲ್ಲಿ ಪ್ರತಿಯೊಬ್ಬರೂ ತಮ್ಮದೇ ಲೈನ್ ನೋಡುತ್ತಾ ಕಾಯುತ್ತಾರೆ, ಮುಂದಿನವನು ಕೆಲಸ ಮುಗಿಸಿ ಹಿಂದಿನವನ ಹೆಗಲು ತಟ್ಟುತ್ತಾನೆ. ಲಾಕ್ ಕೈ ಬದಲಾದಾಗಲೂ ಓಡುವುದು ಬೆರಳೆಣಿಕೆಯ ಸಂದೇಶ. 2015ರ ಲಿನಕ್ಸ್ 4.2ರಿಂದ ಕರ್ನಲ್‌ನ ಸ್ಪಿನ್‌ಲಾಕ್ ಈ ತತ್ವದ ಮೇಲೆಯೇ ನಿಂತಿದೆ. ಪ್ರೋಗ್ರಾಂಗಳಲ್ಲಿ ಕೈಯಾರೆ ಸ್ಪಿನ್‌ಲಾಕ್ ಬರೆಯುವ ಚಟ ಇನ್ನೂ ಹೋಗಿಲ್ಲ ಎನ್ನುವುದೇ ಬೇಜಾರು.

ಇಬ್ಬರ ನಡುವಿನ ಕ್ಯೂ ಆದರೆ ಕೆಲಸ ಸಣ್ಣದು. ತೆಗೆಯುವ ಜಾಗ ತೋರಿಸುವ ಹೆಡ್ ಮತ್ತು ಹಾಕುವ ಜಾಗ ತೋರಿಸುವ ಟೇಲ್ ಬೇರೆ ಬೇರೆ ಲೈನಿನಲ್ಲಿರಲಿ. ಹಾಕುವವನು ಪ್ರತಿ ಸಲ ತೆಗೆಯುವವನ ಹೆಡ್ ಇಣುಕಬಾರದು. ಹಿಂದೆ ಕಂಡದ್ದನ್ನು ತನ್ನ ಬಳಿ ಬರೆದಿಟ್ಟುಕೊಂಡು, ಕ್ಯೂ ತುಂಬಿತೆಂದು ಕಂಡಾಗ ಮಾತ್ರ ಹೊಸದಾಗಿ ನೋಡಬೇಕು.

ಮನೆ ಎಲ್ಲಿ ಕಟ್ಟಬೇಕು

ಮ್ಯಾಲಾಕ್ ಮಾಡಿದ ಕೂಡಲೇ ಮೆಮರಿ ಸಿಕ್ಕಿತು ಎಂದುಕೊಳ್ಳುತ್ತೇವೆ, ಸಿಗುವುದು ವಿಳಾಸ ಮಾತ್ರ. ಲಿನಕ್ಸ್‌ನ ಮಾಮೂಲಿ ನಿಯಮದಲ್ಲಿ ಪುಟವನ್ನು (4096 ಬೈಟ್‌ನ ಮೆಮರಿ ತುಂಡನ್ನು) ಮೊದಲು ಯಾರು ಮುಟ್ಟುತ್ತಾರೋ ಅವರ ನೋಡ್‌ನಲ್ಲೇ ಅದರ ಮನೆ. ನಮ್ಮಲ್ಲಿ ಮೇನ್ ಥ್ರೆಡ್ ಆರಂಭದಲ್ಲೇ ಇಡೀ ಬಫರ್‌ಗೆ ಮೆಮ್‌ಸೆಟ್ ಹಾಕಿ ಸೊನ್ನೆ ತುಂಬುತ್ತಿತ್ತು, ಆಮೇಲೆ 32 ಥ್ರೆಡ್ ಹುಟ್ಟಿಸುತ್ತಿತ್ತು. ಎಲ್ಲ ಪುಟವೂ ನೋಡ್ 0ರಲ್ಲಿ ಮನೆ ಮಾಡಿದವು, ಆಚೆ ಸಾಕೆಟ್‌ನ 16 ಥ್ರೆಡ್‌ಗಳು ಡೇಟಾ ಕ್ಯಾಶ್‌ನಲ್ಲಿ ಸಿಗದಾಗಲೆಲ್ಲ ಲಿಂಕ್ ದಾಟುತ್ತಿದ್ದವು. ಸೊನ್ನೆ ತುಂಬುವ ಕೆಲಸವನ್ನು ಆಯಾ ಥ್ರೆಡ್‌ಗೇ ಒಪ್ಪಿಸಿ, ಥ್ರೆಡ್ ಅಲೆದಾಡದಂತೆ ಕೋರ್‌ಗೆ ಕಟ್ಟಿಹಾಕಿದೆ. ನ್ಯೂಮಾಸ್ಟಾಟ್ ನೋಡಿದರೆ ಯಾವ ಪ್ರೋಸೆಸ್‌ನ ಎಷ್ಟು ಮೆಮರಿ ಯಾವ ನೋಡ್‌ನಲ್ಲಿದೆ ಎಂದು ಕಾಣುತ್ತದೆ, ಕೆಲಸ ಆದ ಮೇಲೆ ಅದನ್ನು ನೋಡದೆ ಬಿಡಬೇಡಿ.

ನನ್ನ ಪ್ಯಾಡಿಂಗ್ ಹಾಕಿದ ಕೌಂಟರ್‌ಗಳನ್ನೇ ತೆಗೆದುಕೊಳ್ಳಿ: 32 ಕೌಂಟರ್, ತಲಾ 128 ಬೈಟ್, ಒಟ್ಟು 4096. ಸರಿಯಾಗಿ ಒಂದು ಪುಟ, ಅದಕ್ಕೆ ಒಂದೇ ಮನೆ. ಆದರೂ ಇದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಆ ಲೈನ್‌ಗಳು ಸದಾ ತಮ್ಮ ಒಡೆಯರ ಕ್ಯಾಶ್‌ನಲ್ಲೇ ಬಿದ್ದಿರುತ್ತವೆ, ಮನೆಗೆ ಹೋಗುವ ಪ್ರಸಂಗವೇ ಕಡಿಮೆ. ಮನೆಯ ಚಿಂತೆ ಕ್ಯಾಶ್‌ಗೆ ಹಿಡಿಸದ ದೊಡ್ಡ ಡೇಟಾಕ್ಕೆ. ದೊಡ್ಡ ಲುಕಪ್ ಟೇಬಲನ್ನು ಎಲ್ಲರೂ ಓದುತ್ತಾರೆ ಎಂದರೆ ನೋಡ್‌ಗೊಂದು ಪ್ರತಿ ಇಡಿ, ಮೆಮರಿ ಎರಡು ಪಟ್ಟು ಹೋದರೂ ಸರಿ. ಪುಟಗಳನ್ನು ನೋಡ್‌ಗಳಿಗೆ ಒಂದಾದ ಮೇಲೊಂದು ಹಂಚುವ ಇಂಟರ್‌ಲೀವ್ ಆಯ್ಕೆ ಒಂದೇ ನೋಡ್‌ನ ಮೇಲಿನ ಹೊರೆ ಇಳಿಸುತ್ತದೆ, ಅದರಿಂದ ದಾಟಾಟ ನಿಲ್ಲುವುದಿಲ್ಲ. ಬೇರೇನೂ ತೋಚದಾಗ ಅದು.

ಕೈಯಾರೆ ಜಾಗ ಕೊಟ್ಟ ಮೇಲೆ ಕರ್ನಲ್‌ನ ನ್ಯೂಮಾ ಬ್ಯಾಲೆನ್ಸಿಂಗ್ ಆಫ್ ಮಾಡಿಯೂ ಒಮ್ಮೆ ಅಳೆದು ನೋಡಿ. ಪುಟಗಳನ್ನು ಯಾರು ಬಳಸುತ್ತಾರೆಂದು ತಿಳಿಯಲು ಅದು ಆಗಾಗ ಪುಟದ ನಂಟು ಬಿಡಿಸಿ ಬೇಕೆಂದೇ ಫಾಲ್ಟ್ ಮಾಡಿಸುತ್ತದೆ. ಎಲ್ಲ ಕಟ್ಟಿಹಾಕಿದ ಮೇಲೆ ಆ ಬೇಹುಗಾರಿಕೆ ದಂಡ.

ಒಂದೇ ಸಾಕೆಟ್ ಇದೆ, ನಮಗೇಕೆ ಇದೆಲ್ಲ ಎನ್ನುವ ಎಎಂಡಿ ಎಪಿಕ್ ಪ್ರೊಸೆಸರ್‌ನವರಿಗೆ ಒಂದು ಮಾತು. ಅದರ ಝೆನ್ 2 ಪೀಳಿಗೆಯಲ್ಲಿ ನಾಲ್ಕು ಕೋರ್‌ಗೊಂದು, ಝೆನ್ 3ರಲ್ಲಿ ಎಂಟು ಕೋರ್‌ಗೊಂದು ಎಲ್3 ಕ್ಯಾಶ್, ಆ ಕೋರ್‌ಗಳು ಹಂಚಿಕೊಳ್ಳುವ ದೊಡ್ಡ ಕ್ಯಾಶ್. ಒಂದು ಎಲ್3ಯಿಂದ ಇನ್ನೊಂದಕ್ಕೆ ಹೋಗುವುದೂ ಊರು ದಾಟಿದ ಹಾಗೆಯೇ. ಹೆಚ್ಚು ಮಾತಾಡಿಕೊಳ್ಳುವ ಥ್ರೆಡ್‌ಗಳನ್ನು ಒಂದೇ ಎಲ್3ಯ ಕೆಳಗೆ ಕೂರಿಸಿ.

ಮೆಮರಿ ಹಂಚಿಕೆಯನ್ನು ಸಾಫ್ಟ್‌ವೇರ್‌ನಲ್ಲೇ ನಟಿಸುವ ಕ್ಲಸ್ಟರ್‌ಗಳಲ್ಲಿ ಹಾಳೆ 64 ಬೈಟ್ ಅಲ್ಲ, 4096 ಬೈಟ್‌ನ ಇಡೀ ಪುಟ. ಫಾಲ್ಸ್ ಶೇರಿಂಗ್ ಅಲ್ಲಿ ರಾಕ್ಷಸನಾಗುತ್ತದೆ. ರೈಸ್ ವಿಶ್ವವಿದ್ಯಾಲಯದ ಟ್ರೆಡ್‌ಮಾರ್ಕ್ಸ್ 1990ರ ದಶಕದಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಮಾಡಿತ್ತು. ಬರೆಯುವ ಮುಂಚೆ ಪುಟದ ಅವಳಿ ಪ್ರತಿ ಇಟ್ಟುಕೊಂಡು, ಆಮೇಲೆ ಎರಡನ್ನೂ ಹೋಲಿಸಿ ಬದಲಾದ ಬೈಟ್‌ಗಳನ್ನಷ್ಟೇ ಕಳಿಸುವುದು, ಅದೂ ಇನ್ನೊಬ್ಬರು ಆ ಲಾಕ್ ಹಿಡಿದ ಮೇಲೆ. ಅಪ್ಪನ ಎರಡು ನೋಟ್‌ಬುಕ್ ಇದಕ್ಕೆ ಬಹಳ ಹತ್ತಿರ.

ನಮ್ಮ ಪ್ರೋಗ್ರಾಂ 32 ಥ್ರೆಡ್‌ನಲ್ಲಿ 8ಕ್ಕಿಂತ ವೇಗವಾಗಿ ಓಡತೊಡಗಿತು, ದೊಡ್ಡ ಮಷೀನಿನ ಮಾತು ನಿಂತಿತು. ಕೊನೆಯ ರಿಪೋರ್ಟಿನಲ್ಲಿ ಇನ್ನೊಂದು ಲೈನ್ ಉಳಿದಿತ್ತು: ಲಾಗ್ ಫೈಲ್ ಬದಲಿಸುವಾಗ ಹಿಡಿಯುವ ಲಾಕ್. ದಿನಕ್ಕೆ ಒಂದು ಸಲ, ರಾತ್ರಿ ಹನ್ನೆರಡಕ್ಕೆ. ಅದಿನ್ನೂ ಹಾಗೇ ಇದೆ.